ಬಾಡಿಗೆ ಕೋಣೆಯವರೂ ಇಗರ್ಜಿಯವರೇ

ಮಾನ್ಯ ಸಂಪಾದಕರೇ,

ತುಳುನಾಡಿನ ಮಳೆಗಾಲದ ಆಟಿ ತಿಂಗಳು ಬಂತೆಂದರೆ ಕರಾವಳಿಯ ಪತ್ರಿಕೆಗಳ ಸ್ಥಳೀಯ ಪುಟಗಳಲ್ಲಿ ಇಗರ್ಜಿಗಳ, ಅಂದರೆ ಚರ್ಚುಗಳ, ಸುದ್ದಿಗೆ ಬರವಿರುವುದಿಲ್ಲ. ಒಂದು ಕಡೆ ಆಟಿದ ಕೂಟ, ಇನ್ನೊಂದು ಕಡೆ ಗದ್ದೆಯಲ್ಲಿ ಕೆಸರಾಟ, ಮತ್ತೊಂದು ಕಡೆ ವನಮಹೋತ್ಸವ, ರಕ್ತದಾನ ಶಿಬಿರ, ಸಮುದಾಯ ದಿನದ ಸಹಭೋಜನ. ಫೋಟೊಗಳಲ್ಲಿ ಪತ್ರೊಡೆಯ ತಟ್ಟೆ ಹಿಡಿದ ಹೆಂಗಸರು, ಹಗ್ಗ ಎಳೆಯುವ ಯುವಕರು, ವೇದಿಕೆಯ ಮೇಲೆ ಧರ್ಮಗುರುಗಳು ಮತ್ತು ಅತಿಥಿಗಳು. ಇವೆಲ್ಲ ನಡೆಯಬೇಕು ಎನ್ನುವವನೇ ನಾನು. ಮಂಗಳೂರು ನಗರದ ಒಂದು ಇಗರ್ಜಿಯಲ್ಲಿ ವಾರ್ಡಿನ ಗುರ್ಕಾರನಾಗಿ ಇಂಥ ಕಾರ್ಯಕ್ರಮಗಳಿಗೆ ಕುರ್ಚಿ ಹೊತ್ತಿದ್ದೇನೆ, ಎಲೆ ಹಾಕಿದ್ದೇನೆ, ಕೊನೆಗೆ ಅಂಗಳ ಗುಡಿಸಿದ್ದೇನೆ. ಆದರೆ ಆ ಫೋಟೊಗಳಲ್ಲಿ ಕಾಣದಿರುವವರ ಬಗ್ಗೆ ಹೇಳಲೇಬೇಕಾದ ಮಾತೊಂದಿದೆ. ಅದಕ್ಕಾಗಿ ಈ ಪತ್ರ.

ಇಗರ್ಜಿಯ ಒಳಗಿನ ವ್ಯವಸ್ಥೆ ತಿಳಿಯದ ಓದುಗರಿಗಾಗಿ ಒಂದೆರಡು ಸಾಲು ಬರೆಯುತ್ತೇನೆ. ಕಥೋಲಿಕ ಇಗರ್ಜಿಯ ವ್ಯಾಪ್ತಿಯನ್ನು ವಾರ್ಡುಗಳಾಗಿ ಹಂಚಿರುತ್ತಾರೆ. ಒಂದೊಂದು ವಾರ್ಡಿನಲ್ಲಿ ಮೂವತ್ತು ನಲವತ್ತು ಮನೆಗಳು, ಕೆಲವು ಕಡೆ ಇನ್ನೂ ಹೆಚ್ಚು. ವಾರ್ಡಿಗೊಬ್ಬ ಗುರ್ಕಾರ. ಮಗು ಹುಟ್ಟಿದರೆ, ಮದುವೆ ನಿಶ್ಚಯವಾದರೆ, ಯಾರಾದರೂ ಹಾಸಿಗೆ ಹಿಡಿದರೆ ಅವನಿಗೆ ಸುದ್ದಿ ಹೋಗುತ್ತದೆ. ಯಾರಾದರೂ ತೀರಿಕೊಂಡರಂತೂ ಮೊದಲ ಫೋನು ಅವನಿಗೇ. ಧರ್ಮಗುರುಗಳಿಗೆ ತಿಳಿಸುವುದು, ಗಂಟೆ ಬಾರಿಸಲು ಹೇಳುವುದು, ಮನೆಯವರು ಅಳುತ್ತಿರುವಾಗ ಶವಪೆಟ್ಟಿಗೆಯಿಂದ ಹಿಡಿದು ನೀರಿನವರೆಗೆ ನೋಡಿಕೊಳ್ಳುವುದು ಎಲ್ಲ ವಾರ್ಡಿನವರ ಪಾಲಿನ ಕೆಲಸ. ಇದರ ಜೊತೆಗೆ ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಕೂಟ ಸೇರುತ್ತದೆ. ಜಪಸರದ (ರೋಸರಿ) ಪ್ರಾರ್ಥನೆ, ಬೈಬಲ್ ಓದು, ಓದಿದ ಭಾಗದ ಮೇಲೆ ನಾಲ್ಕು ಮಾತು, ಆಮೇಲೆ ಚಹಾ. ಕಿರು ಕ್ರೈಸ್ತ ಸಮುದಾಯ ಎಂದು ಇದನ್ನು ಕರೆಯುತ್ತಾರೆ. ವೇದಿಕೆಯಿಲ್ಲ, ಮೈಕಿಲ್ಲ, ಶಾಲು ಹಾರವಿಲ್ಲ. ಪತ್ರಿಕೆಯಲ್ಲಿ ಇದರ ಸುದ್ದಿ ಬರುವುದೂ ಇಲ್ಲ. ಆದರೂ ಇಗರ್ಜಿಯಲ್ಲಿ ಒಡನಾಟ ಎಂಬುದು ಉಳಿದಿದ್ದರೆ ಅದು ಈ ಕೂಟಗಳಿಂದ ಎಂದು ನಾನು ದೃಢವಾಗಿ ನಂಬಿದ್ದೇನೆ.

ನಮ್ಮ ವಾರ್ಡಿನ ಒಂದು ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರಿದ್ದಾರೆ, ಗೌರವದಿಂದ ಅವರನ್ನು ‘ಬಾಯಿ’ ಎನ್ನುತ್ತೇವೆ. ಮಗ ಕೆನಡಾದಲ್ಲಿ, ಮಗಳು ಮಸ್ಕತ್‌ನಲ್ಲಿ. ಎರಡೂ ಮೊಣಕಾಲು ಸೋತಿರುವುದರಿಂದ ಗಾಲಿಕುರ್ಚಿಯಲ್ಲೇ ಓಡಾಟ. ಅವರನ್ನು ನೋಡಿಕೊಳ್ಳಲು ಒಡಿಶಾದ ಸುಂದರಗಢ ಜಿಲ್ಲೆಯ ಹುಡುಗಿಯೊಬ್ಬಳಿದ್ದಾಳೆ. ಬೆಳಿಗ್ಗೆ ಬಿಸಿನೀರು ಕಾಯಿಸುವುದರಿಂದ ರಾತ್ರಿ ಮಾತ್ರೆ ಕೊಡುವವರೆಗೆ ಎಲ್ಲ ಅವಳೇ. ಭಾನುವಾರ ಗಾಲಿಕುರ್ಚಿ ತಳ್ಳಿಕೊಂಡು ಇಗರ್ಜಿಗೆ ಬರುವವಳೂ ಅವಳೇ. ಒಮ್ಮೆ ವಾರ್ಡಿನ ಕೂಟ ಆ ಮನೆಯಲ್ಲಿತ್ತು. ನಾವೆಲ್ಲ ಚಾವಡಿಯಲ್ಲಿ ಅಲ್ತಾರಿನ, ಅಂದರೆ ದೇವರ ಪೀಠದ, ಮುಂದೆ ಕುಳಿತಿದ್ದೆವು. ಕೊಂಕಣಿಯಲ್ಲಿ ಜಪಸರ ಸಾಗಿತ್ತು. ಗುರ್ಕಾರನಾದ್ದರಿಂದ ಮೊದಲ ಅರ್ಧವನ್ನು ನಾನು ಹೇಳುತ್ತಿದ್ದೆ, ಎರಡನೆಯ ಅರ್ಧವನ್ನು ಉಳಿದವರು. ರಹಸ್ಯ ಎಂದು ಕರೆಯುವ ಜಪಸರದ ಭಾಗಗಳಲ್ಲಿ ಮೂರನೆಯದಕ್ಕೆ ಬರುವ ಹೊತ್ತಿಗೆ ಅಡುಗೆಮನೆಯ ಕಡೆಯಿಂದ ಇನ್ನೊಂದು ದನಿ ನಮ್ಮ ಜೊತೆ ಸೇರಿದ್ದು ಗಮನಕ್ಕೆ ಬಂತು. ಹೊತ್ತು ಅದೇ, ಏರಿಳಿತ ಅದೇ, ಭಾಷೆ ಮಾತ್ರ ಹಿಂದಿ. ‘ಪರಮೇಶ್ವರ್ ಕೀ ಮಾ’ ಎಂದು ಅವಳು ನಮ್ಮ ಪ್ರತಿಯೊಂದು ‘ನಮಾನ್ ಮರಿಯೆ’ಗೂ ಉತ್ತರ ಹೇಳುತ್ತ ಚಹಾದ ಲೋಟಗಳನ್ನು ಜೋಡಿಸುತ್ತಿದ್ದಳು. ಪ್ರಾರ್ಥನೆ ಮುಗಿದ ಮೇಲೆ ತಟ್ಟೆ ಹಿಡಿದು ಬಂದಳು, ಎಲ್ಲರಿಗೂ ಕೊಟ್ಟಳು, ಮತ್ತೆ ಒಳಗೆ ಹೋದಳು. ಅವಳನ್ನು ಕೂರಿಸಬೇಕೆಂದು ಅಲ್ಲಿದ್ದ ಯಾರಿಗೂ ಹೊಳೆಯಲಿಲ್ಲ ಎಂದು ಹೇಳಿದರೆ ತಪ್ಪಾಗುತ್ತದೆ. ಬಾಯಿಯೇ ‘ಇಲ್ಲಿ ಬಾ ಮಗಳೇ, ಕೂತುಕೋ’ ಎಂದು ಕರೆದರು. ಅವಳು ಬಾಗಿಲ ಹತ್ತಿರ ನೆಲದ ಮೇಲೆ ಕುಳಿತಳು. ಕುರ್ಚಿ ಖಾಲಿ ಇತ್ತು.

ಮರುದಿನ ನಾನು ವಾರ್ಡಿನ ಪಟ್ಟಿ ತೆರೆದು ನೋಡಿದೆ. ಆ ಮನೆಯ ಸಾಲಿನಲ್ಲಿ ಬಾಯಿಯ ಹೆಸರಿದೆ. ಹಲವು ವರ್ಷಗಳಿಂದ ಊರಿಗೇ ಬಾರದ ಮಗನ ಹೆಸರಿದೆ, ಮದುವೆಯಾಗಿ ಬೇರೆ ಇಗರ್ಜಿಗೆ ಸೇರಿದ ಮಗಳ ಹೆಸರೂ ಅಳಿಸದೆ ಉಳಿದಿದೆ. ದಿನವೂ ಆ ಮನೆಯಲ್ಲಿ ದೀಪ ಹಚ್ಚುವ ಹುಡುಗಿಯ ಹೆಸರಿಲ್ಲ.

ಅವಳೊಬ್ಬಳದೇ ಕಥೆಯಾಗಿದ್ದರೆ ಪತ್ರಿಕೆಗೆ ಬರೆಯುವ ಅಗತ್ಯವಿರಲಿಲ್ಲ. ಬಿಜೈ, ಕದ್ರಿ, ಬೆಂದೂರು, ಕಂಕನಾಡಿ ಸುತ್ತ ಹೊಸ ವಸತಿ ಸಂಕೀರ್ಣಗಳು ಏಳುತ್ತಿರುವ ಜಾಗಗಳಲ್ಲಿ ತಗಡಿನ ಶೆಡ್ಡುಗಳಿವೆ. ಸೆಂಟ್ರಿಂಗ್, ಕಬ್ಬಿಣ ಕಟ್ಟುವುದು, ಗಾರೆ, ಗ್ರಾನೈಟ್ ಕೆಲಸದ ಹುಡುಗರು ಅಲ್ಲಿ ಮಲಗುತ್ತಾರೆ. ಮೀನುಗಾರಿಕೆಯ ದಕ್ಕೆಯಲ್ಲಿ ದೋಣಿಗಳಿಗೆ ದುಡಿಯುವವರಿದ್ದಾರೆ, ಬೈಕಂಪಾಡಿಯ ಕಾರ್ಖಾನೆಗಳಲ್ಲಿದ್ದಾರೆ. ಹೋಟೆಲುಗಳಲ್ಲಿ, ಬ್ಯೂಟಿ ಪಾರ್ಲರುಗಳಲ್ಲಿ ಈಶಾನ್ಯ ರಾಜ್ಯಗಳ ಯುವಕ ಯುವತಿಯರಿದ್ದಾರೆ. ಇವರಲ್ಲಿ ಎಲ್ಲ ಧರ್ಮದವರೂ ಇದ್ದಾರೆ. ಜಾರ್ಖಂಡಿನ ಗುಮ್ಲಾ, ಸಿಮ್ಡೇಗಾ, ಒಡಿಶಾದ ಸುಂದರಗಢ ಕಡೆಯಿಂದ ಬಂದವರಲ್ಲಿ ಉರಾಂವ್, ಮುಂಡಾ, ಖಡಿಯಾ ಜನಾಂಗದ ಕಥೋಲಿಕರು ಅನೇಕರು. 1885ರಲ್ಲಿ ಬೆಲ್ಜಿಯಂನ ಯೇಸುಸಭೆಯ ಗುರು ಕಾನ್‌ಸ್ಟಂಟ್ ಲಿವೆನ್ಸ್ ಇಂದಿನ ಜಾರ್ಖಂಡ್ ಕಡೆಯ ಛೋಟಾನಾಗಪುರಕ್ಕೆ ಹೋಗಿ, ಜಮೀನುದಾರರ ಕೈಯಲ್ಲಿ ನೆಲ ಕಳೆದುಕೊಳ್ಳುತ್ತಿದ್ದ ಆದಿವಾಸಿಗಳ ಪರವಾಗಿ ನ್ಯಾಯಾಲಯದಲ್ಲಿ ನಿಂತು ಕಟ್ಟಿದ ಧರ್ಮಸಭೆಯ ಮಕ್ಕಳು ಇವರು. ಅವರ ವಿಶ್ವಾಸ ನಮ್ಮದಕ್ಕಿಂತ ಒಂದು ಗುಲಗಂಜಿಯಷ್ಟೂ ಕಡಿಮೆಯದಲ್ಲ. ಭಾನುವಾರ ಅವರು ಇಗರ್ಜಿಯ ಕೊನೆಯ ಸಾಲಿನಲ್ಲಿ, ಇಲ್ಲವೇ ಬಾಗಿಲ ಹೊರಗೆ ನಿಂತಿರುತ್ತಾರೆ. ಪೂಜೆ ಮುಗಿದೊಡನೆ ಹೊರಟುಬಿಡುತ್ತಾರೆ.

ಇನ್ನು ಹಾಸನ, ಚಿಕ್ಕಮಗಳೂರು, ಶಿವಮೊಗ್ಗ ಕಡೆಯಿಂದ ಬ್ಯಾಂಕು, ಪೊಲೀಸ್, ಶಾಲೆ ಎಂದು ನೌಕರಿಗೆ ಬಂದ ಕನ್ನಡದ ಕಥೋಲಿಕ ಕುಟುಂಬಗಳೂ ಇದೇ ಕೊನೆಯ ಸಾಲಿನಲ್ಲಿವೆ. ಕನ್ನಡ ನಾಡಿನಲ್ಲೇ ಕನ್ನಡದವರು ವಾರ್ಡಿನ ಕೂಟಕ್ಕೆ ಬರಲು ಹಿಂಜರಿಯುತ್ತಾರೆ, ಏಕೆಂದರೆ ಅಲ್ಲಿ ನಡೆಯುವುದೆಲ್ಲ ಕೊಂಕಣಿಯಲ್ಲಿ.

ಪಟ್ಟಿಗೆ ಸೇರಿಸಿಕೊಳ್ಳಲು ಏನು ಕಷ್ಟ ಎಂದು ಕೇಳಬಹುದು. ಅರ್ಜಿಯ ನಮೂನೆಯೇ ಕುಟುಂಬಕ್ಕೆಂದು ಮಾಡಿದ್ದು. ಯಜಮಾನನ ಹೆಸರು, ಹೆಂಡತಿಯ ಹೆಸರು, ಮಕ್ಕಳು, ಮನೆಯ ಹೆಸರು, ಹಿಂದಿನ ಇಗರ್ಜಿಯ ಪತ್ರ. ಎಂಟು ಜನ ಒಂದೇ ಶೆಡ್ಡಿನಲ್ಲಿ ಮಲಗುವ ಹುಡುಗನಿಗೆ ಯಾವ ಮನೆಯ ಹೆಸರು? ಸಿಮ್ಡೇಗಾದ ಹಳ್ಳಿಯಿಂದ ಪತ್ರ ತರಿಸಿಕೊಳ್ಳುವುದು ಯಾವಾಗ? ಇದನ್ನು ನಾನು ಕೂಟಗಳಲ್ಲಿ ಎತ್ತಿದಾಗ ಬಂದ ಉತ್ತರ, ‘ನಿಯಮ ಹಾಗಿದೆಯಲ್ಲ’.

ನಿಯಮ ಹಾಗಿಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯನ್ನು ಓದಿಯೇ ಈ ಮಾತು ಹೇಳುತ್ತಿದ್ದೇನೆ. ಅದರ 102ನೆಯ ವಿಧಿಯ ಪ್ರಕಾರ, ಮೂರು ತಿಂಗಳು ಇರುವ ಉದ್ದೇಶದಿಂದ ಒಬ್ಬರು ಒಂದು ಇಗರ್ಜಿಯ ವ್ಯಾಪ್ತಿಗೆ ಬಂದು ನೆಲೆಸಿದರೆ, ಅಥವಾ ಉದ್ದೇಶ ಏನೇ ಇರಲಿ ಮೂರು ತಿಂಗಳು ಅಲ್ಲಿದ್ದುಬಿಟ್ಟರೆ, ಅವರಿಗೆ ಅಲ್ಲಿ ಅರೆನಿವಾಸದ ಹಕ್ಕು ಬರುತ್ತದೆ. 107ನೆಯ ವಿಧಿಯ ಪ್ರಕಾರ ಆ ನಿವಾಸದ ಮೂಲಕ ಅಲ್ಲಿನ ಧರ್ಮಗುರು ಅವರ ಧರ್ಮಗುರು ಆಗುತ್ತಾರೆ. ಎಲ್ಲೂ ನೆಲೆಯಿಲ್ಲದೆ ಅಲೆಯುವವನಿಗೂ, ಅವನು ಆ ಹೊತ್ತಿಗೆ ಎಲ್ಲಿರುತ್ತಾನೋ ಅಲ್ಲಿನ ಗುರುವೇ ಅವನ ಗುರು. 529ನೆಯ ವಿಧಿ ಇನ್ನೂ ಸ್ಪಷ್ಟ: ಧರ್ಮಗುರು ತನ್ನ ವ್ಯಾಪ್ತಿಯ ಬಡವರನ್ನು, ನೊಂದವರನ್ನು, ಒಂಟಿಯಾಗಿರುವವರನ್ನು, ತಾಯ್ನಾಡು ಬಿಟ್ಟು ಬಂದವರನ್ನು ವಿಶೇಷ ಕಾಳಜಿಯಿಂದ ಹುಡುಕಿ ಹೋಗಬೇಕು. ಅವರಾಗಿ ಬರಲಿ ಎಂದು ಕಾಯಬೇಕೆಂದು ಅದರಲ್ಲಿಲ್ಲ. ಅಂದ ಮೇಲೆ ಶೆಡ್ಡಿನ ಹುಡುಗ, ಅಡುಗೆಮನೆಯ ಹುಡುಗಿ ಈಗಾಗಲೇ ನಮ್ಮ ಇಗರ್ಜಿಯವರು. ನಾವು ಅವರಿಗೆ ಸದಸ್ಯತ್ವ ದಯಪಾಲಿಸಬೇಕಾಗಿಲ್ಲ. ಇರುವುದನ್ನು ಬರೆದುಕೊಂಡರೆ ಸಾಕು.

ನಾನು ಹಲವು ವರ್ಷ ಕುವೈತಿನಲ್ಲಿ ಒಂದು ಕಂಪನಿಯ ಉಗ್ರಾಣದಲ್ಲಿ ದುಡಿದವನು. ಅಲ್ಲಿ ವಾರದ ರಜೆ ಶುಕ್ರವಾರ. ಹಾಗಾಗಿ ದೊಡ್ಡ ಜನಸಂದಣಿಯ ಪೂಜೆಯೂ ಶುಕ್ರವಾರವೇ. ಹೋಲಿ ಫ್ಯಾಮಿಲಿ ಕೆಥೆಡ್ರಲ್‌ನ ಅಂಗಳದಲ್ಲಿ ಒಂದು ಭಾಷೆಯವರು ಹೊರಬರುವಾಗ ಇನ್ನೊಂದು ಭಾಷೆಯವರು ಒಳಹೋಗಲು ಕಾಯುತ್ತಿರುತ್ತಾರೆ. ಅರಬ್ಬಿ, ಇಂಗ್ಲಿಷ್, ಮಲಯಾಳ, ತಮಿಳು, ಫಿಲಿಪ್ಪೀನ್ಸ್‌ನವರ ತಗಲಾಗ್, ಅವುಗಳ ನಡುವೆ ನಮ್ಮ ಕೊಂಕಣಿ. ನಾವು ಅಲ್ಲಿ ಮನೆ ಇದ್ದವರಲ್ಲ, ಬಾಡಿಗೆ ಕೋಣೆಯವರು. ಒಂದೊಂದು ಕೋಣೆಯಲ್ಲಿ ಐದಾರು ಮಂಚ. ಯಾರೂ ನಮ್ಮಿಂದ ಕುಟುಂಬದ ಪತ್ರ ಕೇಳಲಿಲ್ಲ. ಕೊಂಕಣಿ ಪೂಜೆ ಬೇಕು ಎಂದವರಿಗೆ ಕೊಂಕಣಿ ಪೂಜೆ ಸಿಕ್ಕಿತು, ನಮ್ಮ ತೆನೆ ಹಬ್ಬವಾದ ಮೊಂತಿ ಫೆಸ್ತ್ ಆಚರಿಸಲು ಜಾಗ ಸಿಕ್ಕಿತು. ಮಂಗಳೂರಿನಿಂದ ರಜೆ ಮುಗಿಸಿ ಬಂದವರು ಬಟ್ಟೆಗಳ ನಡುವೆ ಮಡಚಿಟ್ಟು ತಂದ ಭತ್ತದ ತೆನೆಯನ್ನು ಹಂಚಿಕೊಂಡು, ಒಂದೊಂದು ಕಾಳನ್ನು ಹಾಲಿಗೆ ಹಾಕಿ ಕುಡಿದವರು ನಾವು. ಮಂಗಳೂರಿನ ಅರ್ಧದಷ್ಟು ಕಥೋಲಿಕ ಮನೆಗಳಲ್ಲಿ ಇಂಥ ನೆನಪು ಇರುವವರು ಯಾರಾದರೊಬ್ಬರು ಇದ್ದೇ ಇರುತ್ತಾರೆ ಎಂದು ನನಗನಿಸುತ್ತದೆ. ಪರದೇಶದ ಇಗರ್ಜಿಯೊಂದು ನಮ್ಮನ್ನು ಹೇಗೆ ಕಂಡಿತೋ ಹಾಗೆ ನಮ್ಮ ಇಗರ್ಜಿ ಇವರನ್ನು ಕಾಣಬೇಡವೇ?

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಹಿರಿಯರು ಈ ಮಣ್ಣಿನಲ್ಲಿ ಮೊಳೆತವರಲ್ಲ. ಗೋವೆಯಿಂದ ಕಾಲಕಾಲಕ್ಕೆ ಗುಂಪುಗುಂಪಾಗಿ ಬಂದವರು. ಕೆಳದಿಯ ಅರಸರ ಕಾಲದಲ್ಲಿ ಬೇಸಾಯ ಬಲ್ಲವರೆಂದು ನೆಲ ಸಿಕ್ಕಿ ನೆಲೆಯಾದವರು. 1568ರಲ್ಲಿ ಆರಂಭವಾದ ರೊಸಾರಿಯೊ, 1680ರ ಮಿಲಾಗ್ರಿಸ್ ಎಂದು ನಾವು ಹೆಮ್ಮೆಯಿಂದ ಹೇಳುವ ಇಗರ್ಜಿಗಳಿಗೆ ಮೊದಲು ಬಂದವರೆಲ್ಲ ಬೇರೆ ಕಡೆಯಿಂದ ಬಂದ ಜನರೇ. 1681ರಿಂದ 1684ರವರೆಗೆ ಈ ಕೆನರಾ ಸೀಮೆಯಲ್ಲಿ ಊರೂರು ನಡೆದು ಚದುರಿಹೋದ ಕುಟುಂಬಗಳನ್ನು ಹುಡುಕಿದ ಸಂತ ಜೋಸೆಫ್ ವಾಜರೂ ಗೋವೆಯವರು. 2015ರಲ್ಲಿ ಅವರನ್ನು ಸಂತರೆಂದು ಘೋಷಿಸಿದಾಗ ನಾವೆಲ್ಲ ಅವರ ಪುಣ್ಯಕ್ಷೇತ್ರವಿರುವ ಮುಡಿಪುವಿಗೆ ಹೋಗಿ ಮೊಂಬತ್ತಿ ಹಚ್ಚಿದೆವು. ಅವರು ಮಾಡಿದ ಕೆಲಸವನ್ನು ಮುಂದುವರಿಸಲು ನಮ್ಮ ಇಗರ್ಜಿಯ ಗೇಟಿನಿಂದ ಒಂದು ಫರ್ಲಾಂಗು ನಡೆದರೆ ಸಾಕು.

ಈಗ ಈ ಪತ್ರವನ್ನು ಆಗಸ್ಟ್ ತಿಂಗಳಲ್ಲೇ ಬರೆಯುತ್ತಿರುವ ಕಾರಣ ಹೇಳುತ್ತೇನೆ. ಆಗಸ್ಟ್ 30ರಿಂದ ಮೊಂತಿ ಫೆಸ್ತಿನ ನೊವೆನಾ. ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂವು ತಂದು ಬಾಲ ಮರಿಯಮ್ಮನ ಪ್ರತಿಮೆಗೆ ಎರಚುತ್ತಾರೆ. ಸೆಪ್ಟೆಂಬರ್ 8ರಂದು ಮರಿಯಮ್ಮನ ಜನ್ಮದಿನ. 1763ರಲ್ಲಿ ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಲ್ಲಿ ಗೋವೆಯ ಗುರು ಜೊವಾಕಿಮ್ ಮಿರಾಂದಾ ಈ ಹಬ್ಬವನ್ನು ಇಲ್ಲಿ ಆರಂಭಿಸಿದರೆಂದು ನಮ್ಮ ಹಿರಿಯರು ಹೇಳುತ್ತಾ ಬಂದಿದ್ದಾರೆ. ಪೂಜೆಯಲ್ಲಿ ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಕುಟುಂಬಕ್ಕಿಷ್ಟು ಎಂದು ಹಂಚುತ್ತಾರೆ. ಮನೆಗೆ ತಂದ ತೆನೆಯನ್ನು ಅಲ್ತಾರಿನ ಮುಂದೆ ಇಟ್ಟು, ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಬೆರೆಸಿ, ಮನೆಯ ಹಿರಿಯರು ಎಲ್ಲರಿಗೂ ಕೊಡುತ್ತಾರೆ. ಆಮೇಲೆ ಬಾಳೆಲೆಯಲ್ಲಿ ನೊವೆಂ ಊಟ, ಅಂದರೆ ಹೊಸ ಬೆಳೆಯ ಊಟ. ಮೀನಿಲ್ಲ, ಮಾಂಸವಿಲ್ಲ. ಹೀರೆ, ಬೆಂಡೆ, ಹರಿವೆ, ಕೆಸುವು, ಅಂಬಟೆ ಎಂದು ಮಳೆಗಾಲದ ತರಕಾರಿಗಳ ಪದಾರ್ಥಗಳು, ಅದೂ ಬೆಸ ಸಂಖ್ಯೆಯಲ್ಲಿ. ಊರಿನಲ್ಲಿಲ್ಲದವರ ಪಾಲಿನ ತೆನೆಯನ್ನು ಜೋಪಾನವಾಗಿ ಎತ್ತಿಡುವುದುಂಟು. ವರ್ಷದಲ್ಲಿ ಒಂದು ದಿನವಾದರೂ ಇಡೀ ಕುಟುಂಬ ಒಂದೇ ಸಾಲಿನಲ್ಲಿ ಕುಳಿತು ಉಣ್ಣಬೇಕೆಂಬ ಕಟ್ಟುನಿಟ್ಟಿನ ಹಬ್ಬ ಇದು.

ಹಿಂದಿನ ಒಂದು ಮೊಂತಿ ಫೆಸ್ತಿನ ದಿನ ಪೂಜೆ ಮುಗಿದು ತೆನೆ ಹಂಚುವ ಮೇಜಿನ ಮುಂದೆ ಸಾಲು ನಿಂತಿತ್ತು. ಸಾಲಿನಲ್ಲಿ ಕಬ್ಬಿಣದ ಕೆಲಸದ ಹುಡುಗನೊಬ್ಬನಿದ್ದ. ಅಂಗೈ ತುಂಬ ತಂತಿ ಕಟ್ಟಿ ಕಟ್ಟಿ ಕಪ್ಪಾದ ಗೆರೆಗಳು, ಮೈಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ. ಮೇಜಿನ ಬಳಿಯಿದ್ದ ಸ್ವಯಂಸೇವಕರು ವಾಡಿಕೆಯಂತೆ ಯಾವ ವಾರ್ಡು ಎಂದು ಕೇಳಿದರು. ಅವನಿಗೆ ತಿಳಿಯಲಿಲ್ಲ. ಕುಟುಂಬಕ್ಕೊಂದು ಕಂತೆ ಎಂದು ಎಣಿಸಿ ತಂದಿದ್ದರಿಂದ ಅವರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಹಿಂದೆ ನಿಂತಿದ್ದ ನಾನು ನನ್ನ ಕಂತೆಯಿಂದ ಎರಡು ತೆನೆ ತೆಗೆದುಕೊಟ್ಟೆ. ಅವನು ಅದನ್ನು ಹಣೆಗೆ ಒತ್ತಿಕೊಂಡು, ಅರ್ಧ ತುಳು ಅರ್ಧ ಹಿಂದಿಯಲ್ಲಿ, ತನ್ನ ಊರಿನಲ್ಲೂ ಈ ಹಬ್ಬ ಉಂಟು, ನವಾಖಾನಿ ಎಂದು ಹೆಸರು, ಹೊಸ ಅಕ್ಕಿಯನ್ನು ಇಗರ್ಜಿಗೆ ತಂದು ಆಶೀರ್ವದಿಸಿಕೊಂಡು ಮನೆಯವರೆಲ್ಲ ಸೇರಿ ತಿನ್ನುತ್ತೇವೆ ಎಂದ. ತುಳು ಎಲ್ಲಿ ಕಲಿತೆ ಎಂದು ಕೇಳಿದೆ. ಮೇಸ್ತ್ರಿಯಿಂದ ಎಂದ. ಆ ಮೇಲೆ ಕೆಲಸಕ್ಕೆ ತಡವಾಗುತ್ತದೆಂದು ಹೊರಟ. ಹಬ್ಬದ ದಿನ ಅವನಿಗೆ ಅರ್ಧ ದಿನದ ರಜೆಯೂ ಇರಲಿಲ್ಲ.

ಛೋಟಾನಾಗಪುರದ ಕ್ರೈಸ್ತರು ನವಾಖಾನಿಯನ್ನು ಆಚರಿಸುವುದು ಹೆಚ್ಚುಕಡಿಮೆ ಇದೇ ಆಗಸ್ಟ್–ಸೆಪ್ಟೆಂಬರ್ ಹೊತ್ತಿಗೆ. ಸುಂದರಗಢದ ಸುತ್ತಮುತ್ತ ಪಶ್ಚಿಮ ಒಡಿಶಾದ ಜನ ನುಆಖಾಯಿ ಎಂದು ಗಣೇಶ ಚೌತಿಯ ಮರುದಿನ ಹೊಸ ಅಕ್ಕಿ ಉಣ್ಣುತ್ತಾರೆ. ನಮ್ಮ ತುಳುನಾಡಿನ ಮನೆಗಳಲ್ಲಿ ಕೊರಲ್ (ತೆನೆ) ಕಟ್ಟಿ ಪುದ್ವಾರ್ (ಹೊಸ ಅಕ್ಕಿಯ ಊಟ) ಉಣ್ಣುವುದು ಎಲ್ಲರಿಗೂ ಗೊತ್ತೇ ಇದೆ. ಹೊಸ ಅಕ್ಕಿಯ ಮುಂದೆ ಕೈಮುಗಿಯುವ ಇಷ್ಟು ಜನ ಒಂದೇ ಊರಿನಲ್ಲಿದ್ದೂ ಕೆಲವರು ಮಾತ್ರ ಆ ದಿನ ತಗಡಿನ ಕೆಳಗೆ ಒಬ್ಬೊಬ್ಬರೇ ಪಾರ್ಸೆಲ್ ಊಟ ಮಾಡುವುದು ನನಗೆ ಸಹಿಸಲಾಗದ ಸಂಗತಿ. ಆದ್ದರಿಂದ ನನ್ನ ಮೊದಲ ಕೋರಿಕೆ ಇದು: ನಗರದ ಪ್ರತಿಯೊಂದು ಇಗರ್ಜಿಯೂ ಈ ಸೆಪ್ಟೆಂಬರ್ 8ರಂದು ತನ್ನ ಸಭಾಭವನದಲ್ಲಿ ನೊವೆಂ ಊಟ ಇಡಲಿ. ಮನೆಯಲ್ಲಿ ಒಬ್ಬರೇ ಇರುವ ಹಿರಿಯರು, ಅವರನ್ನು ನೋಡಿಕೊಳ್ಳುವವರು, ನರ್ಸಿಂಗ್ ಕಾಲೇಜುಗಳ ಹಾಸ್ಟೆಲಿನ ಮಕ್ಕಳು, ಕಟ್ಟಡದ ಕೆಲಸದವರು ಒಂದೇ ಪಂಕ್ತಿಯಲ್ಲಿ ಕೂರಲಿ. ಖರ್ಚಿನ ಚಿಂತೆ ಬೇಡ. ವಾರ್ಡಿಗೊಂದು ಪದಾರ್ಥ ಎಂದು ಹಂಚಿದರೆ ಬೆಸ ಸಂಖ್ಯೆ ಕಷ್ಟವಿಲ್ಲದೆ ತುಂಬುತ್ತದೆ, ನಮ್ಮ ಹೆಂಗಸರು ಆ ಕೆಲಸದಲ್ಲಿ ಎಂದೂ ಹಿಂದೆ ಬಿದ್ದವರಲ್ಲ. ತೆನೆಯ ಕಂತೆಗಳನ್ನು ಪಟ್ಟಿ ನೋಡಿ ಎಣಿಸದೆ ನೂರಿನ್ನೂರು ಹೆಚ್ಚಾಗಿಯೇ ತರಿಸಲಿ.

ಎರಡನೆಯದು ಪಟ್ಟಿ. ವಾರ್ಡಿನ ಪುಸ್ತಕದಲ್ಲಿ ಒಂಟಿಯಾಗಿರುವವರಿಗೆಂದು ಬೇರೆ ಹಾಳೆ ಇರಲಿ. ಹೆಸರು, ಊರು, ಇಲ್ಲಿ ಉಳಿದುಕೊಂಡಿರುವ ಜಾಗ, ಮೊಬೈಲ್ ಸಂಖ್ಯೆ, ಊರಿನಲ್ಲಿ ಯಾರಿಗೆ ತಿಳಿಸಬೇಕು ಎಂಬ ಇನ್ನೊಂದು ಸಂಖ್ಯೆ. ಇಷ್ಟೇ ಸಾಕು. ಈ ಕೊನೆಯ ಸಂಖ್ಯೆಯ ಬೆಲೆ ಏನೆಂದು ಮಂಗಳೂರಿನವರಿಗೆ ವಿವರಿಸಬೇಕಾಗಿಲ್ಲ. 2024ರ ಜುಲೈಯಲ್ಲಿ ಬಲ್ಮಠದ ಕಟ್ಟಡದ ಜಾಗದಲ್ಲಿ ಮಣ್ಣು ಕುಸಿದು ಉತ್ತರ ಭಾರತದ ಕಾರ್ಮಿಕರೊಬ್ಬರು ಪ್ರಾಣ ಕಳೆದುಕೊಂಡರು. ಇಡೀ ನಗರ ಆ ದಿನ ಟಿ.ವಿ.ಯ ಮುಂದೆ ಕುಳಿತಿತ್ತು. ಬದುಕಿದ್ದಾಗ ಅವರ ಹೆಸರು ಗೊತ್ತಿದ್ದವರು ನಮ್ಮಲ್ಲಿ ಎಷ್ಟು ಜನ? ಅವರ ಧರ್ಮ ಯಾವುದೇ ಇರಲಿ, ನಾವು ಕಟ್ಟಿಸುವ ಮನೆಗಳ ಅಡಿಪಾಯದಲ್ಲಿ ದುಡಿಯುವವರು ಸತ್ತ ಮೇಲೆ ಮಾತ್ರ ನಮಗೆ ಪರಿಚಯವಾಗುವುದು ಈ ಊರಿಗೆ ಶೋಭೆ ತರುವ ಸಂಗತಿಯಲ್ಲ. 2020ರ ಮೇ ತಿಂಗಳಲ್ಲಿ ಲಾಕ್‌ಡೌನ್ ನಡುವೆ ಊರಿಗೆ ಹೋಗಲು ರೈಲು ಬೇಕೆಂದು ಕಾರ್ಮಿಕರು ರೈಲು ನಿಲ್ದಾಣದ ಕಡೆಗೆ ನಡೆದು ಬಂದ ದೃಶ್ಯವನ್ನೂ ಮರೆಯುವಂತಿಲ್ಲ. ಆಗ ನಾವು ಅಕ್ಕಿ ಬೇಳೆಯ ಕಿಟ್ ಹಂಚಿದೆವು. ಹಂಚಿದ್ದು ವಾರ್ಡಿನ ಪಟ್ಟಿ ಹಿಡಿದುಕೊಂಡು. ಪಟ್ಟಿಯಲ್ಲಿಲ್ಲದವರು ಎಲ್ಲಿದ್ದಾರೆ, ಎಷ್ಟು ಜನ ಇದ್ದಾರೆ ಎಂದು ಹೇಳಬಲ್ಲವರು ಯಾರೂ ಇರಲಿಲ್ಲ. ಹೆಸರು ಬರೆದುಕೊಳ್ಳುವುದು ಕಚೇರಿಯ ಕೆಲಸ ಎಂದು ಹಗುರವಾಗಿ ಕಾಣುವವರಿಗೆ ಆ ದಿನಗಳನ್ನು ನೆನಪಿಸುತ್ತೇನೆ.

ಸೈಂಟ್ ವಿನ್ಸೆಂಟ್ ಡಿ ಪಾವ್ಲ್ ಸಭೆ ನಮ್ಮ ಬಹುತೇಕ ಇಗರ್ಜಿಗಳಲ್ಲಿದೆ, ಒಳ್ಳೆಯ ಕೆಲಸ ಮಾಡುತ್ತಿದೆ. 1833ರಲ್ಲಿ ಪ್ಯಾರಿಸ್‌ನಲ್ಲಿ ಅದನ್ನು ಕಟ್ಟಿದಾಗ ಫ್ರೆಡರಿಕ್ ಒಝನಾಮ್ ಇಪ್ಪತ್ತು ವರ್ಷದ ವಿದ್ಯಾರ್ಥಿ. ಬಡವರನ್ನು ಅವರ ಮನೆಗೇ ಹೋಗಿ ಕಾಣಬೇಕೆಂಬುದು ಆ ಸಭೆಯ ಮೊದಲ ದಿನದ ಪದ್ಧತಿ. ಅದೇ ಪದ್ಧತಿಯಂತೆ ಇಬ್ಬಿಬ್ಬರು ಒಂದು ಸಂಜೆ ಶೆಡ್ಡುಗಳಿಗೆ ಹೋಗಿ ಬರಲಿ ಎಂದಷ್ಟೇ ನನ್ನ ಮನವಿ. ಏನನ್ನೂ ಕೊಡಬೇಕಾಗಿಲ್ಲ. ಅವರು ಬೇಡುತ್ತಿಲ್ಲ, ದುಡಿಯುತ್ತಿದ್ದಾರೆ. ಹೋಗಿ ಕುಳಿತು ಮಾತನಾಡಿದರೆ ಸಾಕು.

ಭಾಷೆಯ ಮಾತು ಬಂದಾಗ ನಮ್ಮವರಿಗೆ ಆತಂಕವಾಗುವುದು ನನಗೆ ಅರ್ಥವಾಗುತ್ತದೆ. ಕೊಂಕಣಿ ನನ್ನ ತಾಯಿಯ ಭಾಷೆ, ನಾನು ಪ್ರಾರ್ಥಿಸುವ ಭಾಷೆ. ಅದನ್ನು ಇಗರ್ಜಿಯಿಂದ ಯಾರಾದರೂ ಕದಲಿಸಲು ಬಂದರೆ ಅಡ್ಡ ನಿಲ್ಲುವವರಲ್ಲಿ ನಾನೂ ಒಬ್ಬ. ಆದರೆ ಆ ಕೊಂಕಣಿ ನಮ್ಮ ಪೂಜೆಗೆ ಬಂದದ್ದು ಹೇಗೆ? ನನ್ನ ತಂದೆ ಲ್ಯಾಟಿನ್ ಪೂಜೆಗೆ ಮಂಡಿಯೂರಿದವರು, ಅರ್ಥ ತಿಳಿಯದೆಯೇ ಉತ್ತರ ಹೇಳಿದವರು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ, ಜನ ತಮಗೆ ತಿಳಿಯುವ ಭಾಷೆಯಲ್ಲಿ ದೇವರನ್ನು ಕರೆಯಲಿ ಎಂದು ಬಾಗಿಲು ತೆರೆದದ್ದರಿಂದ ನಮಗೆ ಕೊಂಕಣಿ ಪೂಜೆ ಸಿಕ್ಕಿತು. ಆ ನ್ಯಾಯ ನಮ್ಮಲ್ಲಿಗೆ ಬಂದು ನಿಂತುಬಿಡಬಾರದು. ಪ್ರತಿ ಭಾನುವಾರ ಹಿಂದಿ ಪೂಜೆ ಇಡಿ ಎಂದು ನಾನು ಕೇಳುತ್ತಿಲ್ಲ. ಅಷ್ಟು ಗುರುಗಳು ನಮ್ಮಲ್ಲಿಲ್ಲ. ವಾರ್ಡಿನ ಕೂಟದಲ್ಲಿ ಜಪಸರದ ಒಂದು ರಹಸ್ಯವನ್ನು ಅವರು ಅವರ ಭಾಷೆಯಲ್ಲಿ ಹೇಳಲಿ, ಬೈಬಲ್ ಭಾಗವನ್ನು ಕೊಂಕಣಿಯ ಜೊತೆ ಕನ್ನಡದಲ್ಲೂ ಓದೋಣ, ಮಾತುಕತೆ ಕನ್ನಡದಲ್ಲಿ ನಡೆಯಲಿ. ನಮ್ಮ ಕೊಂಕಣಿ ಪ್ರಾರ್ಥನಾ ಪುಸ್ತಕಗಳೇ ಕನ್ನಡ ಲಿಪಿಯಲ್ಲಿವೆ. ಈ ಕಾರ್ಮಿಕರ ಮಕ್ಕಳಲ್ಲಿ ಕೆಲವರು ಇಲ್ಲಿನ ಕನ್ನಡ ಶಾಲೆಗಳಲ್ಲಿ ಓದುತ್ತಿದ್ದಾರೆ. ಹಾಸನದ ಶಿಕ್ಷಕಿಯೂ ಸುಂದರಗಢದ ಹುಡುಗಿಯೂ ಬೆಂದೂರಿನ ಬಾಯಿಯೂ ಒಟ್ಟಿಗೆ ಕುಳಿತು ಮಾತನಾಡಬಲ್ಲ ಭಾಷೆ ಕನ್ನಡವೇ.

‘ಆರು ತಿಂಗಳಿಗೆ ಹೊರಟು ಹೋಗುವವರು, ಏನು ಪ್ರಯೋಜನ’ ಎಂಬುದು ನಾನು ಬಹಳ ಕೇಳಿದ ಆಕ್ಷೇಪ. ನಮ್ಮ ಸ್ವಂತ ಮಕ್ಕಳೂ ಹೊರಟು ಹೋದವರೇ ಅಲ್ಲವೇ? ಪಟ್ಟಿಯಲ್ಲಿ ಹೆಸರಿದ್ದು ಬೀಗ ಹಾಕಿದ ಮನೆಗಳು ನಮ್ಮ ವಾರ್ಡಿನಲ್ಲೇ ಬೇಕಾದಷ್ಟಿವೆ. ಕೂಟಕ್ಕೆ ಬರುವವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು. ಯುವಜನ ಸಂಘಟನೆಗೆ ಹುಡುಗರು ಸಾಲುತ್ತಿಲ್ಲ ಎಂದು ವರ್ಷವೂ ವರದಿ ಓದುತ್ತೇವೆ, ಅತ್ತ ಇಪ್ಪತ್ತು ಇಪ್ಪತ್ತೆರಡರ ಹುಡುಗರು ಇಗರ್ಜಿಯ ಗೇಟಿನ ಹೊರಗೆ ಮೊಬೈಲ್ ನೋಡುತ್ತ ನಿಂತಿರುತ್ತಾರೆ. ಇಗರ್ಜಿಯ ಕ್ರೀಡಾಕೂಟಕ್ಕೆ ಅವರನ್ನು ಕರೆದು ನೋಡಿ. ಸಿಮ್ಡೇಗಾ ಎಂದರೆ ಸಾಮಾನ್ಯ ಊರಲ್ಲ. 1980ರ ಮಾಸ್ಕೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಭಾರತದ ಹಾಕಿ ತಂಡದ ಸಿಲ್ವಾನುಸ್ ಡುಂಗ್‌ಡುಂಗ್ ಆ ಜಿಲ್ಲೆಯವರು, ಮಹಿಳಾ ತಂಡದ ನಾಯಕಿಯಾದ ಸಲೀಮಾ ಟೇಟೆ ಕೂಡ. ಬಿದಿರಿನ ಕೋಲು ಹಿಡಿದು ಹಾಕಿ ಕಲಿಯುವ ಊರಿನ ಹುಡುಗರನ್ನು ನಾವು ಹಗ್ಗಜಗ್ಗಾಟಕ್ಕೂ ಕರೆದಿಲ್ಲ.

ಕುಡಿತ, ಜಗಳ ಎಂದು ಇನ್ನೂ ಕೆಲವರು ಹೇಳುತ್ತಾರೆ. ಆ ಮಾತಿಗೆ ಉತ್ತರಿಸಲು ನನಗೆ ಮನಸ್ಸಿಲ್ಲ. ಅದು ಎಲ್ಲಿ ಇಲ್ಲ?

ಸಮಯದ ವಿಷಯ ಮಾತ್ರ ನಿಜವಾದ ತೊಡಕು. ನಮ್ಮ ಕೂಟಗಳು ಸಂಜೆ ಐದಕ್ಕೆ. ಅವರು ಕೆಲಸ ಬಿಟ್ಟು, ಮೈ ತೊಳೆದು, ಅನ್ನಕ್ಕಿಡುವಾಗ ಏಳೂವರೆ. ಹಿರಿಯರಿಗೆ ಅಷ್ಟು ಹೊತ್ತಿಗೆ ಹೊರಬರುವುದು ಕಷ್ಟ, ಮಳೆಗಾಲದಲ್ಲಂತೂ ಆಗದ ಮಾತು. ಇದಕ್ಕೆ ನನಗೆ ಕಂಡ ದಾರಿ, ಎರಡು ತಿಂಗಳಿಗೊಮ್ಮೆಯಾದರೂ ಕೂಟವನ್ನು ಭಾನುವಾರ ರಾತ್ರಿ ಎಂಟಕ್ಕೆ ಇಡುವುದು, ಸಾಧ್ಯವಾದರೆ ಅವರಿರುವ ಜಾಗದಲ್ಲೇ. ಗುರ್ಕಾರರು ಒಪ್ಪಿದರೆ ಇದಕ್ಕೆ ಯಾರ ಅನುಮತಿಯೂ ಬೇಕಾಗಿಲ್ಲ. ನಾನು ನಮ್ಮ ವಾರ್ಡಿನಲ್ಲಿ ಸೆಪ್ಟೆಂಬರಿನಿಂದ ಹಾಗೆ ಮಾಡಲು ನಿಶ್ಚಯಿಸಿದ್ದೇನೆ. ಮನೆಯವರು ಚಹಾದ ಫ್ಲಾಸ್ಕ್ ತರುತ್ತೇವೆಂದು ಒಪ್ಪಿದ್ದಾರೆ. ಪಟ್ಟಿಯ ಹೊಸ ಹಾಳೆ ಮತ್ತು ನೊವೆಂ ಊಟದ ವಿಷಯವನ್ನು ನಮ್ಮ ಪಾಲನಾ ಮಂಡಳಿಯ ಮುಂದೆ ಲಿಖಿತವಾಗಿ ಇಟ್ಟಿದ್ದೇನೆ. ಬೇರೆ ಇಗರ್ಜಿಗಳ ಗುರ್ಕಾರರೂ ತಮ್ಮ ತಮ್ಮಲ್ಲಿ ಇಡಬೇಕೆಂದು ಈ ಪತ್ರದ ಮೂಲಕ ಕೇಳಿಕೊಳ್ಳುತ್ತೇನೆ. ಸಾಮಾನ್ಯವಾಗಿ ಸೆಪ್ಟೆಂಬರಿನ ಕೊನೆಯ ಭಾನುವಾರವನ್ನು ಜಗತ್ತಿನ ಕಥೋಲಿಕ ಧರ್ಮಸಭೆ ವಲಸಿಗರ ದಿನವಾಗಿ ಆಚರಿಸುತ್ತದೆ. ಮೊಂತಿ ಫೆಸ್ತ್ ಮುಗಿದು ಎರಡು ಮೂರು ವಾರಕ್ಕೆ ಆ ದಿನ ಬರುತ್ತದೆ. ಆ ಭಾನುವಾರದ ಪೂಜೆಯಲ್ಲಿ ಒಂದು ವಾಚನ, ಒಂದು ಕೀರ್ತನೆ ಅವರದ್ದಾಗಲಿ. ಕಾಣಿಕೆ ಎತ್ತಿಕೊಂಡು ಪೀಠದ ಕಡೆಗೆ ನಡೆಯುವವರಲ್ಲಿ ಅವರೂ ಇರಲಿ.

ಕೊನೆಯದಾಗಿ ಇಗರ್ಜಿಯ ಹೊರಗಿನವರಿಗೆ ಒಂದು ಮಾತು, ಏಕೆಂದರೆ ಇದು ನಮ್ಮಿಂದ ಮಾತ್ರ ಆಗುವ ಕೆಲಸವಲ್ಲ. ಕಟ್ಟಡ ಗುತ್ತಿಗೆದಾರರೇ, ಹೋಟೆಲ್ ಮಾಲೀಕರೇ, ಮನೆಯಲ್ಲಿ ಆರೈಕೆಗೆ ಜನ ಇಟ್ಟುಕೊಂಡವರೇ, ನಿಮ್ಮಲ್ಲಿ ದುಡಿಯುವವರಿಗೆ ಅವರವರ ಹಬ್ಬದ ದಿನ ಸಂಬಳ ಸಹಿತ ರಜೆ ಕೊಡಿ. ಹಿಂದೂಗಳಿಗೆ ಅವರ ಹಬ್ಬಕ್ಕೆ, ಮುಸ್ಲಿಮರಿಗೆ ಅವರ ಹಬ್ಬಕ್ಕೆ ಮತ್ತು ಶುಕ್ರವಾರದ ನಮಾಜಿನ ಹೊತ್ತಿಗೆ, ಕ್ರೈಸ್ತರಿಗೆ ಭಾನುವಾರದ ಬೆಳಗಿಗೆ ಬಿಡುವು ಸಿಗಲಿ. ಈ ಬಾರಿ ಸೆಪ್ಟೆಂಬರ್ 8ರ ಬೆಳಿಗ್ಗೆ ನಿಮ್ಮ ಕೆಲಸದವರಲ್ಲಿ ಯಾರಾದರೂ ಇಗರ್ಜಿಗೆ ಹೋಗಬೇಕೆಂದು ಕೇಳಿದರೆ ಮಧ್ಯಾಹ್ನದ ಊಟ ಮುಗಿಯುವವರೆಗೆ ದಯವಿಟ್ಟು ಕಳುಹಿಸಿಕೊಡಿ. ಕೇಳಲು ಹಿಂಜರಿಯುವವರಿದ್ದರೆ ನೀವೇ ಕೇಳಿ ಕಳುಹಿಸಿ.

ಇತಿ,
ತಮ್ಮ ವಿಶ್ವಾಸಿ,
ಒಬ್ಬ ವಾರ್ಡ್ ಗುರ್ಕಾರ
ಮಂಗಳೂರು